ಇಬ್ಬರು ಆಡುವ ಆರ್ಕೇಡ್ ಕ್ಯಾಬಿನೆಟ್‌ಗೆ ಯಾವ ಎನ್‌ಕೋಡರ್?

ಮರದಪೆಟ್ಟಿಗೆ: ಹಳೇ ಪಿಸಿಗೆ ಮೇಮ್ (ಹಳೇ ಆರ್ಕೇಡ್ ಆಟ ಆಡಿಸುವ ಎಮ್ಯುಲೇಟರ್) ಹಾಕಿ ಮನೆಯಲ್ಲೇ ಕ್ಯಾಬಿನೆಟ್ ಕಟ್ಟುತ್ತಿದ್ದೇನೆ. ಸ್ಟ್ರೀಟ್ ಫೈಟರ್ 2 ಆಡಲೇಬೇಕು, ಹಾಗಾಗಿ ಇಬ್ಬರಿಗೂ ಆರಾರು ಬಟನ್. ಬಟನ್ ಒತ್ತಿದ್ದನ್ನು ಪಿಸಿಗೆ ಮುಟ್ಟಿಸುವ ಎನ್‌ಕೋಡರ್ ಆಗಿ ಜೀರೋ ಡಿಲೇ ಬೋರ್ಡ್ ಎರಡು ತಗೊಳ್ಳಲಾ, ಕೀಬೋರ್ಡ್ ಥರ ಕೆಲಸ ಮಾಡುವ ಐ-ಪ್ಯಾಕ್‌ಗೆ ದುಡ್ಡು ಹಾಕಲಾ?

ಕಾಯಿನ್‌ಡೋರ್: ಜೀರೋ ಡಿಲೇ ಅಗ್ಗ, ಆದರೆ ಪಿಸಿಗೆ ಅದು ಜಾಯ್‌ಸ್ಟಿಕ್ ಆಗಿ ಕಾಣುತ್ತದೆ. ಒಂದೇ ಥರದ ಎರಡು ಬೋರ್ಡ್ ಇದ್ದರೆ ರೀಸ್ಟಾರ್ಟ್ ಮಾಡಿದಾಗ ಆಟಗಾರರು ಅದಲುಬದಲು ಆಗಬಹುದು. ಕೀಬೋರ್ಡ್ ಎನ್‌ಕೋಡರ್‌ನಲ್ಲಿ ಆ ತಲೆನೋವು ಇಲ್ಲ. ಪ್ರತಿ ಬಟನ್‌ಗೂ ಬೇರೆ ಕೀ: ಮೇಮ್‌ನಲ್ಲಿ ಮೊದಲನೆಯವನ ಒಂದನೇ ಬಟನ್ ಎಡ ಕಂಟ್ರೋಲ್, ಎರಡನೆಯವನದು ಎ. ಅಷ್ಟೇ.

ಜಾಯ್‌ಪ್ಯಾಡ್: ಅದನ್ನು ಮೇಮ್‌ನಲ್ಲೇ ಸರಿಮಾಡಬಹುದಲ್ವಾ? ಯಾವ ಬೋರ್ಡ್ ಯಾರದ್ದು ಅಂತ ಸೆಟ್ಟಿಂಗ್‌ನಲ್ಲಿ ಬರೆದರಾಯ್ತು.

ಕಾಯಿನ್‌ಡೋರ್: ಮಾಡಬಹುದು. ಆದರೆ ಅದು ಮೇಮ್‌ಗೆ ಮಾತ್ರ. ಬೇರೆ ಎಮ್ಯುಲೇಟರ್ ಹಾಕಿದರೆ ಮತ್ತೆ ಅದೇ ಕಥೆ.

ಸೋಲ್ಡರ್‌ಪ್ರಿಯ: ಐ-ಪ್ಯಾಕ್ ವಿದೇಶದಿಂದ ತರಿಸಬೇಕು, ಸಾಗಣೆ ಖರ್ಚು ಬೇರೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಪ್ರೊ ಮೈಕ್ರೋ (ಕೋಡ್ ಹಾಕಬಹುದಾದ ಪುಟ್ಟ ಬೋರ್ಡ್) ತಗೊಂಡು ಕೀಬೋರ್ಡ್ ಎನ್‌ಕೋಡರ್ ಮಾಡಿಕೊಳ್ಳಿ.

ಕಾಯಿನ್‌ಡೋರ್: ಲೆಕ್ಕ ಹಾಕಿ ಗುರು. ಒಬ್ಬರಿಗೆ ನಾಲ್ಕು ದಿಕ್ಕು, ಆರು ಬಟನ್, ಸ್ಟಾರ್ಟ್, ಕಾಯಿನ್. ಇಬ್ಬರಿಗೆ 24. ಪ್ರೊ ಮೈಕ್ರೋದಲ್ಲಿ ಸಿಗುವ ಪಿನ್ 18. ಬಟನ್‌ಗಳು ಪಿನ್ ಹಂಚಿಕೊಳ್ಳುವಂತೆ ಮ್ಯಾಟ್ರಿಕ್ಸ್ ಮಾಡಿದರೆ ಪ್ರತಿ ಬಟನ್‌ಗೂ ಡಯೋಡ್ ಬೇಕು, ಇಲ್ಲದಿದ್ದರೆ ಒತ್ತದ ಕೀ ಒತ್ತಿದಂತೆ ತೋರುತ್ತದೆ.

ಸೋಲ್ಡರ್‌ಪ್ರಿಯ: ಹಾಗಾದರೆ ರಾಸ್ಪ್‌ಬೆರಿ ಪೈ ಪಿಕೋ. 26 ಪಿನ್ ಇವೆ, ಪ್ರತಿ ಬಟನ್‌ಗೂ ಒಂದೊಂದು.

ಕೋಡ್‌ಬಳ್ಳಿ: ಪಿಕೋ ಒಳ್ಳೆಯದೇ, ಆದರೆ ಕೋಡ್ ನೋಡಿಕೊಂಡು ಹಾಕಿ. ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಕೋಡ್ ಒಂದು ಸಲಕ್ಕೆ ಆರು ಕೀ ಮಾತ್ರ ಕಳಿಸುತ್ತದೆ. ಕಂಟ್ರೋಲ್, ಆಲ್ಟ್, ಶಿಫ್ಟ್ ಆ ಲೆಕ್ಕಕ್ಕೆ ಬರಲ್ಲ. ಇಬ್ಬರೂ ಜಾಯ್‌ಸ್ಟಿಕ್ ಓರೆಯಾಗಿ ತಳ್ಳಿದರೆ ಅಲ್ಲೇ ನಾಲ್ಕು ಕೀ ಹೋಯಿತು. ಜಗಳದ ಆಟದಲ್ಲಿ ಪೆಟ್ಟು ಬೀಳದೆ ಹೋದರೆ ಯಾರಿಗೆ ಬೇಕು? ಎಷ್ಟು ಕೀ ಒತ್ತಿದರೂ ಕಳಿಸುವ ಎನ್‌ಕೆಆರ್‌ಒ ಬೆಂಬಲ ಇರುವ ಫರ್ಮ್‌ವೇರೇ (ಬೋರ್ಡ್‌ನೊಳಗಿನ ಕೋಡ್) ಹಾಕಿ.

ಮರದಪೆಟ್ಟಿಗೆ: ನನಗೆ ಕೋಡ್ ಅಷ್ಟಾಗಿ ಬರಲ್ಲ.

ಕಾಯಿನ್‌ಡೋರ್: ಹಾಗಾದರೆ ಐ-ಪ್ಯಾಕ್ 2. ಈಗಿನದರಲ್ಲಿ 32 ಇನ್‌ಪುಟ್. ಮೊದಲನೆಯವನ ಸ್ಟಾರ್ಟ್ ಒತ್ತಿ ಹಿಡಿದರೆ ಉಳಿದ ಬಟನ್‌ಗಳು ಎಸ್ಕೇಪ್, ಕಾಯಿನ್ ಥರ ಬೇರೆ ಕೆಲಸ ಮಾಡುತ್ತವೆ. ಅದಕ್ಕೆಂದೇ ಪ್ಯಾನೆಲ್‌ನಲ್ಲಿ ತೂತು ಕೊರೆಯಬೇಕಿಲ್ಲ.

ಕೋಡ್‌ಬಳ್ಳಿ: ಯಾವುದೇ ತಗೊಳ್ಳಿ, ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಆಫ್ ಮಾಡಿ. ಮೇಮ್‌ನಲ್ಲಿ ಮೊದಲನೆಯವನ ನಾಲ್ಕನೇ ಬಟನ್ ಎಡ ಶಿಫ್ಟ್. ಅದನ್ನು ಐದು ಸಲ ಒತ್ತಿದರೆ ಆಟದ ಮಧ್ಯೆ ಸ್ಟಿಕಿ ಕೀಸ್ ಆನ್ ಮಾಡಲಾ ಅಂತ ಕೇಳುವ ಪೆಟ್ಟಿಗೆ ತೆರೆಯ ಮೇಲೆ ಬಂದು ಕೂರುತ್ತದೆ.