ದಿನಕ್ಕೆರಡು ಸಲ ಫಿನೈಲ್ ಹಾಕಿದರೂ ಕೊಟ್ಟಿಗೆಯಲ್ಲಿ ಬೇನೆ ಹರಡಿದ್ದೇಕೆ?

ಹಾನಗಲ್ಲಿನ ಹೈನುಗಾರ (ಪ್ರಶ್ನೆ)

ನಮ್ಮದು ಹಾನಗಲ್ ತಾಲೂಕಿನ ಸಣ್ಣ ಊರು. ಮನೆಯಲ್ಲಿ ನಾಲ್ಕು ಮಿಶ್ರತಳಿ ಆಕಳು, ಎರಡು ಎಮ್ಮೆ ಇವೆ. ದೀಪಾವಳಿಯ ಹೋರಿ ಹಬ್ಬಕ್ಕೆಂದು ತಮ್ಮನು ಹಾವೇರಿಯ ದನದ ಸಂತೆಯಿಂದ ಒಂದು ಹೋರಿಯನ್ನು ತಂದನು. ವಾರ ಕಳೆಯುವುದರೊಳಗೆ ಅದರ ಬಾಯಿಂದ ಜೊಲ್ಲು ಸುರಿಯತೊಡಗಿ, ಗೊರಸಿನ ಸಂದಿನಲ್ಲಿ ಹುಣ್ಣು ಕಾಣಿಸಿಕೊಂಡಿತು. ಡಾಕ್ಟರು ನೋಡಿ ಕಾಲುಬಾಯಿ ಬೇನೆ ಎಂದರು. ಹೋರಿಯನ್ನು ಹಿತ್ತಲಿನ ಚಪ್ಪರದಲ್ಲಿ ಬೇರೆ ಕಟ್ಟಿ, ಕೊಟ್ಟಿಗೆಗೆ ಬೆಳಿಗ್ಗೆ ಸಂಜೆ ಕರಿ ಫಿನೈಲ್ ಹೊಯ್ಯುತ್ತ ಬಂದೆ. ಓಣಿಯವರು ಮೂಗು ಮುಚ್ಚಿಕೊಂಡು ಓಡಾಡುವಷ್ಟು ಹೊಯ್ದರೂ ಎರಡು ಆಕಳಿಗೆ ಬೇನೆ ಅಂಟಿತು. ಅವುಗಳಲ್ಲಿ ಒಂದಕ್ಕೆ ಈಗ ಕೆಚ್ಚಲು ಬಾವೂ ಬಂದಿದೆ. ನನಗೆ ಸಿಕ್ಕ ಫಿನೈಲ್ ಕಲಬೆರಕೆಯದೋ, ಹಾಕುವ ರೀತಿಯಲ್ಲಿ ನನ್ನದೇ ತಪ್ಪಿದೆಯೋ ತಿಳಿಯದು. ಅದನ್ನೇ ತೆಳುವಾಗಿ ಮಾಡಿ ಗೊರಸಿನ ಗಾಯಕ್ಕೆ ಹಚ್ಚಬಹುದೆಂದು ಊರಿನ ಹಿರಿಯರು ಹೇಳುತ್ತಾರೆ, ಅದು ಸರಿಯೇ?

ಧಾರವಾಡದ ನಿವೃತ್ತ ಪಶುವೈದ್ಯ

ಯಜಮಾನರೇ, ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಫಿನೈಲನ್ನು ಗಾಯಕ್ಕೆ ಖಂಡಿತ ಹಚ್ಚಬೇಡಿರಿ. ನೆಲ, ಗೋಡೆ, ಬಕೆಟ್ಟುಗಳ ಮೇಲಿನ ರೋಗಾಣುಗಳನ್ನು ಕೊಲ್ಲುವ ಔಷಧಿಯೇ ಬೇರೆ, ಜೀವಂತ ಚರ್ಮದ ಮೇಲೆ ಬಳಸುವ ನಂಜುನಿರೋಧಕವೇ ಬೇರೆ. ಫಿನೈಲ್ ಗಾಯದಲ್ಲಿರುವ ರೋಗಾಣುವಿನ ಜೊತೆಗೆ ಮಾಯಲು ಹೊರಟ ಹೊಸ ಮಾಂಸವನ್ನೂ ಸುಡುತ್ತದೆ. ಗೊರಸನ್ನು ಶುದ್ಧ ನೀರಿನಿಂದ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ, ನೊಣ ಕೂರದಂತೆ ಮುಲಾಮು ಹಾಕಿರಿ. ಬಾಯಿಯ ಹುಣ್ಣನ್ನು ಲೀಟರ್ ನೀರಿಗೆ ಒಂದು ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ ತೊಳೆಯಬಹುದು; ಆದರೆ ಹರಳು ಪೂರ್ತಿ ಕರಗಿರಬೇಕು, ಕರಗದ ಹರಳು ತಾಗಿದ ಕಡೆ ಸುಡುತ್ತದೆ.

ಇನ್ನು ನಿಮ್ಮ ಫಿನೈಲ್ ಅಪ್ಪಟವಾಗಿದ್ದರೂ ಈ ವೈರಾಣುವಿನ ಮುಂದೆ ಅದರ ಆಟ ಹೆಚ್ಚು ನಡೆಯುತ್ತಿರಲಿಲ್ಲ. ಕೆಲವು ವೈರಾಣುಗಳಿಗೆ ಕೊಬ್ಬಿನಂಶದ ಹೊರಪೊರೆಯಿರುತ್ತದೆ. ಚರ್ಮಗಂಟು ರೋಗದ ವೈರಾಣು ಅಂಥದು. ಆ ಪೊರೆ ಹರಿದರೆ ಅದರ ಕಥೆ ಮುಗಿಯಿತು, ಹೀಗಾಗಿ ಫಿನೈಲ್ ಜಾತಿಯ ಔಷಧಿಗಳಿಗೆ ಅದು ಬಗ್ಗುತ್ತದೆ. ಕಾಲುಬಾಯಿ ಬೇನೆಯ ವೈರಾಣುವಿಗೆ ಹರಿಯಲು ಪೊರೆಯೇ ಇಲ್ಲ. ಅದು ಸೋಲುವುದು ಹುಳಿಗೆ ಮತ್ತು ಕ್ಷಾರಕ್ಕೆ: ಪಿಎಚ್ (ಹುಳಿ-ಕ್ಷಾರದ ಅಳತೆ) ಮಟ್ಟ 6ಕ್ಕಿಂತ ಕೆಳಗಿಳಿದರೂ 9ಕ್ಕಿಂತ ಮೇಲೇರಿದರೂ ಅದರ ಕವಚ ಬಿಚ್ಚಿಹೋಗುತ್ತದೆ. ಆದ್ದರಿಂದ ಈ ಬೇನೆಗೆ ಕಿರಾಣಿ ಅಂಗಡಿಯ ವಾಷಿಂಗ್ ಸೋಡಾ ಫಿನೈಲಿಗಿಂತ ಮೇಲು. ಒಣಪುಡಿಯಾಗಿದ್ದರೆ ಹತ್ತು ಲೀಟರ್ ನೀರಿಗೆ 400 ಗ್ರಾಂ ಸಾಕು; ಹರಳಿನ ರೂಪದ್ದಾದರೆ ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ನೀರೇ ಇರುವುದರಿಂದ ಒಂದು ಕಿಲೋ ಬೇಕು. ಬೂಟು, ಬಕೆಟ್ಟುಗಳಿಗೆ ನಿಂಬೆ ಉಪ್ಪನ್ನು ಹತ್ತು ಲೀಟರಿಗೆ 20 ಗ್ರಾಂ ಕರಗಿಸಿ ಬಳಸಬಹುದು. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿದರೆ ಹುಳಿ ಕ್ಷಾರವನ್ನೂ ಕ್ಷಾರ ಹುಳಿಯನ್ನೂ ತಿಂದುಹಾಕಿ, ನಿಮ್ಮ ಕೈಯಲ್ಲಿ ಉಳಿಯುವುದು ಉಪ್ಪುನೀರು ಮಾತ್ರ.

ಯಾವ ಔಷಧಿಯಾದರೂ ಹೆಂಡಿಯ ಮೇಲೆ ಹೊಯ್ದರೆ ಕೆಲಸ ಕೆಡುತ್ತದೆ. ಕ್ಲೋರಿನ್, ಅಯೋಡಿನ್ ಎರಡೂ ಹೆಂಡಿ, ರಕ್ತ, ಹಾಲಿನ ಅಂಶದ ಜೊತೆಗೇ ಕೂಡಿ ಖರ್ಚಾಗಿಬಿಡುತ್ತವೆ. ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಮೊದಲು ಕೆರೆದು ತೆಗೆದು, ಸಾಬೂನು ನೀರಿನಿಂದ ಉಜ್ಜಿ, ಬರಿ ನೀರಿನಿಂದ ತೊಳೆದು, ನೀರು ಇಂಗಿದ ಮೇಲೆ ಔಷಧಿ ಹಾಕಿ ಕನಿಷ್ಠ ಹತ್ತು ನಿಮಿಷ ಹಸಿಯಾಗಿಯೇ ಬಿಡಬೇಕು. ನಮ್ಮ ಜನ ಔಷಧಿ ಹೊಯ್ದ ಬೆನ್ನಿಗೇ ನೀರು ಹೊಡೆಯುತ್ತಾರೆ. ನಲವತ್ತು ವರ್ಷ ನೋಡಿದ್ದೇನೆ.

ಫಿನೈಲನ್ನು ಪೂರ್ತಿ ಹೀಗಳೆಯುವ ಉದ್ದೇಶ ನನ್ನದಲ್ಲ. ಹೆಂಡಿಯ ನಡುವೆಯೂ ಅಷ್ಟಿಷ್ಟು ಶಕ್ತಿ ಉಳಿಸಿಕೊಳ್ಳುವುದು ಅದರ ಹೆಚ್ಚುಗಾರಿಕೆ. ಅದೇ ಬಳಗದ ಕಾರ್ಬಾಲಿಕ್ ಆಮ್ಲವನ್ನು ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದ ಚರಂಡಿ ನೀರಿಗೆ ಹಾಕಿದಾಗ ಆ ನೀರು ಹರಿದ ಹುಲ್ಲುಗಾವಲಿನಲ್ಲಿ ಮೇಯುವ ದನಗಳಿಗೆ ಹುಳುಬಾಧೆ ತಪ್ಪಿತೆಂಬ ಸುದ್ದಿಯೇ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರಿಗೆ ದಾರಿ ತೋರಿತು. 1867ರಲ್ಲಿ ಅವರು ಮನುಷ್ಯರ ಗಾಯಗಳಿಗೆ ಅದನ್ನು ಬಳಸಿದ ಫಲಿತಾಂಶ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ದನಗಳ ಪಾಲೂ ಇದೆಯೆಂದು ವಿದ್ಯಾರ್ಥಿಗಳಿಗೆ ಹೇಳುವುದು ನನಗೆ ಇಷ್ಟವಾಗಿತ್ತು.

ಗದಗ ಕಡೆಯ ಹೈನುಗಾರ್ತಿ

ಡಾಕ್ಟರ್ ಸಾಹೇಬರು ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಅಣ್ಣಾ, ಕೆಚ್ಚಲು ಬಾವಿಗೆ ನೆಲದ ಫಿನೈಲಿಗಿಂತ ಕೈ ಮತ್ತು ಮೊಲೆತೊಟ್ಟು ಮುಖ್ಯ. ನಾನು ಹಾಲು ಹಿಂಡಿದ ಕೂಡಲೇ ಪ್ರತಿ ತೊಟ್ಟನ್ನೂ ಅಯೋಡಿನ್ ದ್ರಾವಣವಿರುವ ಬಟ್ಟಲಿನಲ್ಲಿ ಅದ್ದುತ್ತೇನೆ. ಹಿಂಡಿದ ಮೇಲೆ ತೊಟ್ಟಿನ ರಂಧ್ರ ಮುಚ್ಚಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ, ಆಗಲೇ ಗೋದಲಿಗೆ ಮೇವು ಹಾಕಿ ಆಕಳು ನಿಂತುಕೊಂಡೇ ಇರುವಂತೆ ನೋಡಿಕೊಳ್ಳುತ್ತೇನೆ. ಬಾವು ಬಂದ ಆಕಳನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಬೇಕು. ಹಿಂಡುವ ಹೊತ್ತಿಗೆ ಫಿನೈಲ್ ಹಾಕಲೇಬಾರದು, ಹಾಲು ಆ ವಾಸನೆಯನ್ನು ಹೀರಿಕೊಳ್ಳುತ್ತದೆ. ಒಮ್ಮೆ ಡೇರಿಯಲ್ಲಿ ನನ್ನ ಇಡೀ ಕ್ಯಾನು ಹಾಲು ಹೀಗೆ ವಾಪಸು ಬಂತು.

ನೀರಿನ ವಿಷಯವೂ ಇದೆ. ನಮ್ಮ ಕಡೆಯ ಬೋರಿನ ನೀರು ಗಡಸು. ಸೆಟ್ರಿಮೈಡ್‌ನಂಥ ನಂಜುನಿರೋಧಕ ಔಷಧಿಗಳು ಗಡಸು ನೀರಿನಲ್ಲಿ ಶಕ್ತಿ ಕಳೆದುಕೊಳ್ಳುತ್ತವೆಂದು ತಿಳಿದ ಮೇಲೆ ಕೆಚ್ಚಲು ತೊಳೆಯಲು ಮಳೆನೀರನ್ನು ಹಿಡಿದಿಡುತ್ತಿದ್ದೇನೆ.

ಹುಬ್ಬಳ್ಳಿಯ ನಾಯಿ-ಬೆಕ್ಕಿನ ದವಾಖಾನೆಯ ಸಹಾಯಕ

ಸಾಬೂನಿನ ಬಗ್ಗೆ ಒಂದು ಮಾತು. ಸೆಟ್ರಿಮೈಡ್, ಕ್ಲೋರ್‌ಹೆಕ್ಸಿಡೀನ್ ಎಂಬ ನಂಜುನಿರೋಧಕಗಳೆರಡಕ್ಕೂ ಧನ ವಿದ್ಯುದಂಶ, ಸಾಬೂನಿಗೆ ಋಣ ವಿದ್ಯುದಂಶ. ಇವು ಒಂದನ್ನೊಂದು ಹಿಡಿದುಕೊಂಡು ಎರಡೂ ನಿಷ್ಪ್ರಯೋಜಕವಾಗುತ್ತವೆ. ಆದ್ದರಿಂದ ಸಾಬೂನು ಪೂರ್ತಿ ಹೋಗುವವರೆಗೆ ತೊಳೆಯದೆ ಇವುಗಳನ್ನು ಹಚ್ಚಿದರೆ ಹಚ್ಚಿದ್ದಕ್ಕೆ ಅರ್ಥವಿಲ್ಲ.

ಕಾಲುಬಾಯಿ ಬೇನೆಯ ವೈರಾಣುವಿನ ಹಾಗೆಯೇ ನಾಯಿಗಳ ಪಾರ್ವೋ ವೈರಾಣುವಿಗೂ ಹೊರಪೊರೆಯಿಲ್ಲ. ಅದು ನೆಲದ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ. ನಾವು ಮೊದಲು ಸುವಾಸನೆಯ ಬಿಳಿ ಫಿನೈಲಿನಿಂದ ಗೂಡು ಒರೆಸುತ್ತಿದ್ದೆವು, ಮರಿಗಳು ಒಂದರ ಹಿಂದೆ ಒಂದು ವಾಂತಿ ಭೇದಿಯಿಂದ ಬೀಳುತ್ತಿದ್ದವು. ಈಗ ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂವತ್ತು ಪಾಲು ನೀರು ಸೇರಿಸಿ ಹತ್ತು ನಿಮಿಷ ಬಿಡುತ್ತೇವೆ. ಬ್ಲೀಚಿಗೆ ಆಸಿಡ್ ಬೆರೆಸಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ, ಜೋಕೆ. ಬೆಕ್ಕು ಇರುವಲ್ಲಿ ಫಿನೈಲ್ ಹಾಕುವುದಿಲ್ಲ. ಅದನ್ನು ವಿಷಮುಕ್ತಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.

ಹಾನಗಲ್ಲಿನ ಹೈನುಗಾರ

ಎಲ್ಲರಿಗೂ ಉಪಕಾರ. ನಿನ್ನೆ ಹೆಂಡಿ ಕೆರೆದು, ತೊಳೆದು, ಒಣಗಿಸಿ ಸೋಡಾ ನೀರು ಹೊಯ್ದೆವು. ಎರಡು ಅನುಮಾನ ಉಳಿದಿವೆ: ಅಲ್ಯುಮಿನಿಯಂ ಹಾಲಿನ ಕ್ಯಾನನ್ನೂ ಸೋಡಾದಲ್ಲೇ ತೊಳೆಯಬಹುದೆ? ಹೊಸದಾಗಿ ತಂದ ದನವನ್ನು ಎಷ್ಟು ದಿನ ಬೇರೆ ಕಟ್ಟಬೇಕು?

ಧಾರವಾಡದ ನಿವೃತ್ತ ಪಶುವೈದ್ಯ

ಅಲ್ಯುಮಿನಿಯಂ ಕ್ಯಾನಿಗೆ ಸೋಡಾ ಬೇಡ, ಲೋಹವನ್ನು ತಿನ್ನುತ್ತದೆ. ಹೊಸ ದನವನ್ನು ಮೂರು ವಾರ ಬೇರೆ ಕಟ್ಟಿರಿ. ಅದರ ಆರೈಕೆ ಮಾಡಿದವರು ಕೈಕಾಲು ತೊಳೆಯದೆ, ಬಟ್ಟೆ ಬದಲಿಸದೆ ಉಳಿದ ದನಗಳ ಹತ್ತಿರ ಹೋಗಬಾರದು. ನಿಮ್ಮ ಕೊಟ್ಟಿಗೆಗೆ ಬೇನೆ ಬಂದದ್ದು ಬಹುಶಃ ನಿಮ್ಮದೇ ಅಂಗಾಲಿನಿಂದ. ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆ ತಪ್ಪಿದ್ದರೆ ಯಾವ ದ್ರಾವಣವೂ ಅದರ ಬದಲಿಗೆ ನಿಲ್ಲದು. ಇನ್ನೊಂದು ಎಚ್ಚರಿಕೆ: ದನ ಹಠಾತ್ತನೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಆಗಿರಬಹುದು. ಅಂಥ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಲೂಬಾರದು. ಗಾಳಿ ತಾಗಿದರೆ ಆ ಬ್ಯಾಕ್ಟೀರಿಯಾ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ, ಫಿನೈಲಿಗೂ ಸೋಡಾಕ್ಕೂ ಜಗ್ಗುವುದಿಲ್ಲ. ಹೆಣವನ್ನು ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ.