ಅಜ್ಜಿ, ತಾತ, ಎರಡು ಕಾರ್ ಸೀಟು: ಮಿನಿವ್ಯಾನ್ ಕೊಳ್ಳುವುದು ಸರಿಯೇ?

ಪ್ರಶ್ನೆ (ನೋವೈ, ಮಿಶಿಗನ್)

ನಾವು ಡೆಟ್ರಾಯಿಟ್ ಸಮೀಪದ ನೋವೈಯಲ್ಲಿ ವಾಸವಾಗಿದ್ದೇವೆ. ನಮಗೆ ಐದು ವರ್ಷದ ಮಗಳು ಮತ್ತು ಹದಿನಾಲ್ಕು ತಿಂಗಳ ಮಗ ಇದ್ದಾರೆ. ಮೇ ತಿಂಗಳಲ್ಲಿ ನನ್ನ ತಂದೆ ತಾಯಿ ಹಾಸನದಿಂದ ಆರು ತಿಂಗಳ ಮಟ್ಟಿಗೆ ಬರುವವರಿದ್ದಾರೆ. ಈಗಿರುವ ಐದು ಸೀಟಿನ ಕಾರಿನಲ್ಲಿ ಎರಡು ಕಾರ್ ಸೀಟುಗಳನ್ನು (ಮಕ್ಕಳನ್ನು ಕೂರಿಸುವ ಪ್ರತ್ಯೇಕ ಸುರಕ್ಷತಾ ಸೀಟು) ಬಿಗಿದ ಮೇಲೆ ಅವುಗಳ ನಡುವೆ ಒಂದು ಕೈಚೀಲ ಇಡಬಹುದೇ ಹೊರತು ಮನುಷ್ಯರು ಕೂರಲಾಗದು. ಆರು ಜನ ಒಟ್ಟಿಗೆ ಹೊರಡಬೇಕೆಂದರೆ ಎರಡು ಕಾರು ತೆಗೆಯಬೇಕು.

ನನ್ನ ಒಲವು ಮೂರು ಸಾಲಿನ, ಜಾರುಬಾಗಿಲಿನ ಮಿನಿವ್ಯಾನ್ ಕಡೆಗಿದೆ. ನನ್ನ ಪತಿಗೆ ಮೂರು ಸಾಲಿನ ಎಸ್‌ಯುವಿಯೇ ಬೇಕು. ಮಿನಿವ್ಯಾನ್ ಎಂದೊಡನೆ ಅವರಿಗೆ ನೆನಪಾಗುವುದು ಊರಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವ ಶಾಲೆಯ ವ್ಯಾನು. ತಂದೆಯವರು ಫೋನಿನಲ್ಲಿ, 'ಅಲ್ಲಿ ಇನ್ನೋವಾದಂಥ ಗಾಡಿ ಸಿಗುವುದಿಲ್ಲವೇನಮ್ಮ?' ಎಂದು ಕೇಳುತ್ತಾರೆ. ತಾಯಿಗೆ ಮೊಣಕಾಲು ನೋವು. ಸೀರೆ ಉಟ್ಟು ಎತ್ತರದ ಗಾಡಿ ಹತ್ತುವುದು ಅವರಿಂದಾಗದು. ದಿನನಿತ್ಯದ ಬಳಕೆ, ಹಿಮ, ವಿಮಾನ ನಿಲ್ದಾಣದ ಸಾಮಾನು, ಇಂಧನದ ಖರ್ಚು ಇವೆಲ್ಲವನ್ನೂ ಅನುಭವಿಸಿದವರು ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಎಡಿಸನ್, ನ್ಯೂಜೆರ್ಸಿ)

ನಾವು ಮೊದಲು ಮೂರು ಸಾಲಿನ ಎಸ್‌ಯುವಿ ಇಟ್ಟುಕೊಂಡಿದ್ದೆವು. ಈಗ ಏಳು ವರ್ಷಗಳಿಂದ ಹೋಂಡಾ ಒಡಿಸ್ಸಿ ಮಿನಿವ್ಯಾನ್ ಓಡಿಸುತ್ತಿದ್ದೇವೆ. ಎಷ್ಟು ಜನ ಕೂರಬಹುದು ಎಂಬ ಲೆಕ್ಕದಿಂದ ಗಾಡಿ ಆರಿಸಬೇಡಿ. ಎಲ್ಲರೂ ಕೂತ ಮೇಲೆ ಹಿಂದೆ ಎಷ್ಟು ಜಾಗ ಉಳಿಯುತ್ತದೆ ಮತ್ತು ಮೂರನೆಯ ಸಾಲಿಗೆ ಯಾರು, ಯಾವ ದಾರಿಯಲ್ಲಿ ಹೋಗುತ್ತಾರೆ, ಈ ಎರಡನ್ನು ನೋಡಿ.

ಭಾರತದಿಂದ ಬರುವವರು ಸಾಮಾನ್ಯವಾಗಿ ತಲಾ 23 ಕಿಲೋ ತೂಕದ ಎರಡು ಸೂಟ್‌ಕೇಸ್ ತರುತ್ತಾರೆ. ವಿಮಾನದವರು ಒಪ್ಪುವ 62 ಅಂಗುಲದ ಮಿತಿಯೊಳಗಿನ ಒಂದು ದೊಡ್ಡ ಸೂಟ್‌ಕೇಸ್ 28, 20, 14 ಅಂಗುಲ ಎಂದು ಹಿಡಿದರೆ ಅದರ ಗಾತ್ರ ಸುಮಾರು ನಾಲ್ಕೂವರೆ ಘನ ಅಡಿ. ನಾಲ್ಕಕ್ಕೆ 18 ಘನ ಅಡಿ. ಟೊಯೊಟಾದ ಎಸ್‌ಯುವಿ ಹೈಲ್ಯಾಂಡರ್‌ನಲ್ಲಿ ಮೂರನೆಯ ಸಾಲಿನ ಹಿಂದೆ ಇರುವ ಜಾಗ 16 ಘನ ಅಡಿ. ಅದೇ ಟೊಯೊಟಾದ ಮಿನಿವ್ಯಾನ್ ಸಿಯೆನ್ನಾದಲ್ಲಿ 33.5 ಘನ ಅಡಿ. ಅಂದರೆ ಅಪ್ಪ ಅಮ್ಮ ಬಂದಿಳಿದ ದಿನ ಆ ಎಸ್‌ಯುವಿಯಲ್ಲಿ ಜನ ಹಿಡಿಸುತ್ತಾರೆ, ಮಾವಿನಕಾಯಿ ಉಪ್ಪಿನಕಾಯಿಯ ಸೂಟ್‌ಕೇಸ್ ನಿಲ್ದಾಣದಲ್ಲೇ ಉಳಿಯುತ್ತದೆ. ಮಿನಿವ್ಯಾನಿನಲ್ಲಿ ಹಿಂದಿನ ಸಾಲು ಮಡಚಿ ಇಳಿಯುವುದಕ್ಕೆಂದು ಇರುವ ಆಳವಾದ ಗುಂಡಿಯೇ, ಸೀಟು ಎದ್ದು ನಿಂತಾಗ ಸೂಟ್‌ಕೇಸುಗಳನ್ನು ನೆಟ್ಟಗೆ ನಿಲ್ಲಿಸುವ ಜಾಗವಾಗುತ್ತದೆ.

ಇನ್ನು ದಾರಿಯ ವಿಷಯ. ಎರಡನೆಯ ಸಾಲಿನ ಎರಡೂ ಬದಿಗೆ ಕಾರ್ ಸೀಟು ಬಿಗಿದ ಮೇಲೆ, ಆ ಸೀಟನ್ನು ಮಡಚಿ ಹಿಂದೆ ಹೋಗುವ ವ್ಯವಸ್ಥೆ ಹೆಚ್ಚಿನ ಗಾಡಿಗಳಲ್ಲಿ ಕೆಲಸಕ್ಕೆ ಬಾರದು. ಆಗ ಉಳಿಯುವುದು ಎರಡು ಸೀಟುಗಳ ನಡುವಿನ ಓಣಿ ಮಾತ್ರ. ಎಂಟು ಸೀಟಿನ ಗಾಡಿಯಲ್ಲಿ ನಡುವಿನ ಸೀಟು ಆ ಓಣಿಯನ್ನು ಮುಚ್ಚುತ್ತದೆ. ಒಡಿಸ್ಸಿಯಲ್ಲಿ ನಡುವಿನ ಸೀಟನ್ನು ತೆಗೆದಿಟ್ಟು, ಉಳಿದ ಎರಡನ್ನು ಅಡ್ಡಡ್ಡಲಾಗಿ ಸರಿಸಬಹುದು. ಇದೊಂದು ಸೌಕರ್ಯಕ್ಕಾಗಿಯೇ ನಾವು ಅದನ್ನು ಕೊಂಡೆವು. ನಿಮ್ಮ ಮನೆಗೆ ನನ್ನ ಸಲಹೆ ಹೀಗಿದೆ: ಮಗಳ ಸೀಟನ್ನು ಮೂರನೆಯ ಸಾಲಿಗೆ ಹಾಕಿ. ಐದು ವರ್ಷದವಳು ಓಣಿಯಲ್ಲಿ ತಾನೇ ನುಗ್ಗಿ ಹೋಗುತ್ತಾಳೆ. ತಾತನೂ ಅವಳ ಪಕ್ಕದಲ್ಲಿ ಕೂರಲಿ, ಅಜ್ಜಿಗೆ ಬಾಗಿಲ ಪಕ್ಕದ ಸೀಟು ಕೊಡಿ. ಮೊಣಕಾಲು ನೋವಿರುವವರನ್ನು ಹಿಂದಿನ ಸಾಲಿಗೆ ಕಳಿಸುವ ಯೋಚನೆಯನ್ನೇ ಮಾಡಬೇಡಿ.

ಒಡಿಸ್ಸಿಯ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಅದರಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ ಕೊಡುವ ಆವೃತ್ತಿ ಇಲ್ಲ. ವಿ6 ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು (ಎಂಜಿನ್ನಿನ ಒಳಭಾಗಗಳ ಓಟವನ್ನು ಹೊಂದಿಸುವ ಪಟ್ಟಿ) ಒಂದು ಲಕ್ಷ ಮೈಲಿಯ ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ. ಹಳೆಯ ಗಾಡಿ ಕೊಳ್ಳುವವರು ಈ ಖರ್ಚನ್ನು ಮರೆಯುತ್ತಾರೆ.

ಉತ್ತರ 2 (ವಿಂಡ್ಸರ್, ಒಂಟಾರಿಯೊ)

ನಿಮ್ಮ ಡೆಟ್ರಾಯಿಟ್‌ನಿಂದ ನದಿ ದಾಟಿದರೆ ನಮ್ಮೂರು. ನಕ್ಷೆ ನೋಡಿದರೆ ಕೆನಡಾದ ಈ ಊರು ಡೆಟ್ರಾಯಿಟ್‌ಗೆ ದಕ್ಷಿಣದಲ್ಲಿದೆ ಎಂಬುದು ಬೇರೆ ಮಾತು. ಕ್ರೈಸ್ಲರ್ ಕಂಪನಿಯ ಮೊದಲ ಮಿನಿವ್ಯಾನ್ 1983ರ ನವೆಂಬರ್‌ನಲ್ಲಿ ಇಲ್ಲಿನ ಕಾರ್ಖಾನೆಯಿಂದಲೇ ಹೊರಬಂತು. ಆ ಕಂಪನಿಯ ಈಗಿನ ಮಿನಿವ್ಯಾನ್ ಪೆಸಿಫಿಕಾ ಕೂಡ ಇಲ್ಲಿಯದೇ.

ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ನನ್ನ ಮಾವನವರೂ ಅದನ್ನೇ ಕೇಳಿದ್ದರು. ಅವರ ಮನಸ್ಸಿನಲ್ಲಿರುವುದು ಬಹುಶಃ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾ. ಅದು ಲಾರಿಯಂತೆ ಚಾಸಿಯ ಮೇಲೆ ಕಟ್ಟಿದ, ಹಿಂದಿನ ಚಕ್ರಗಳಿಂದ ಓಡುವ ಗಾಡಿಯಾದ್ದರಿಂದ ಅದರ ನೆಲ ಎತ್ತರದಲ್ಲಿರುತ್ತದೆ. 2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್ ಮುಂಚಕ್ರದ ಗಾಡಿಯಾಗಿ ಸಿಯೆನ್ನಾದ ಕುಲಕ್ಕೆ ಹತ್ತಿರವಾಯಿತು, ಆದರೂ ಸಿಯೆನ್ನಾ ಅದಕ್ಕಿಂತ ಸುಮಾರು 42 ಸೆಂಟಿಮೀಟರ್ ಹೆಚ್ಚು ಉದ್ದವಾಗಿದೆ. ಇಲ್ಲಿನ ಮಿನಿವ್ಯಾನುಗಳ ನೆಲ ತಗ್ಗಿನಲ್ಲಿದ್ದು ಬಾಗಿಲು ಪಕ್ಕಕ್ಕೆ ಜಾರುವುದರಿಂದ, ವಯಸ್ಸಾದವರು ಮೊದಲು ಸೀಟಿನ ಅಂಚಿಗೆ ಕೂತು ಆಮೇಲೆ ಕಾಲು ಒಳಗೆ ಎಳೆದುಕೊಳ್ಳಬಹುದು. ನಮ್ಮ ಅತ್ತೆಯವರು ಸೀರೆಯಲ್ಲೇ ಹತ್ತಿ ಇಳಿಯುತ್ತಿದ್ದರು.

ಪೆಸಿಫಿಕಾದ ಪೆಟ್ರೋಲ್ ಆವೃತ್ತಿಯಲ್ಲಿ ಎರಡನೆಯ ಸಾಲಿನ ಸೀಟುಗಳನ್ನೂ ನೆಲದೊಳಕ್ಕೆ ಮಡಚಬಹುದು. ಸೀಟು ಕಳಚಿ ಗ್ಯಾರೇಜಿಗೆ ಹೊರುವ ಕೆಲಸವಿಲ್ಲ. ಚಾರ್ಜ್ ಮಾಡಿ ಸುಮಾರು 32 ಮೈಲಿ ಬರೀ ವಿದ್ಯುತ್ತಿನಲ್ಲಿ ಓಡಿಸಬಹುದಾಗಿದ್ದ, ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇದ್ದ ಹೈಬ್ರಿಡ್ ಆವೃತ್ತಿಯ ತಯಾರಿಕೆ ಈಗ ನಿಂತಿದೆ. ಹಳೆಯದನ್ನು ಕೊಂಡರೆ ಅದರಲ್ಲಿ ಈ ಅನುಕೂಲವಿಲ್ಲ, ಸೀಟು ಇಳಿಯಬೇಕಾದ ಗುಂಡಿಗಳಲ್ಲಿ ಬ್ಯಾಟರಿ ಕೂತಿರುತ್ತದೆ. ಸಿಯೆನ್ನಾದ ಎರಡನೆಯ ಸಾಲನ್ನಂತೂ ಕಳಚುವಂತೆ ಮಾಡಿಲ್ಲ. ಮನೆಗೆ ಪ್ಲೈವುಡ್, ಮಂಚ ತರುವ ಅಭ್ಯಾಸವಿದ್ದರೆ ಇದು ಗಮನದಲ್ಲಿರಲಿ.

ಉತ್ತರ 3 (ಕೊಲಂಬಸ್, ಒಹಾಯೊ)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೂ ಒಂದು ಭಿನ್ನಾಭಿಪ್ರಾಯವಿದೆ. ತಂದೆ ತಾಯಿ ಇರುವುದು ಆರು ತಿಂಗಳು. ಉಳಿದ ಕಾಲದಲ್ಲಿ ನೀವು ನಾಲ್ವರೇ. ಒಬ್ಬರೇ ಕೂತು ಕಚೇರಿಗೆ ಹೋಗಲು ಹದಿನೇಳು ಅಡಿ ಉದ್ದದ ಗಾಡಿ ಬೇಕೇ? ಪ್ರವಾಸದ ದಿನಗಳಿಗೆ ಬಾಡಿಗೆಗೆ ತೆಗೆದುಕೊಂಡರೂ ನಡೆಯುತ್ತದೆ. ಕೊಳ್ಳುವುದೇ ಆದರೆ ಗ್ಯಾರೇಜಿನ ಆಳವನ್ನು ಟೇಪ್ ಹಿಡಿದು ಅಳೆಯಿರಿ. ನಾವು ಅಳೆಯಲಿಲ್ಲ, ಗಾಡಿ ಒಳಗೆ ಹೋಯಿತು, ಆದರೆ ಬಾಗಿಲು ಮುಚ್ಚಿದ ಮೇಲೆ ಡಿಕ್ಕಿ ತೆರೆಯಲಾಗುತ್ತಿರಲಿಲ್ಲ.

ಸುರಕ್ಷತೆಯ ಬಗ್ಗೆ ಯಾರೂ ಹೇಳಿಲ್ಲ. ಐಐಎಚ್‌ಎಸ್ ಸಂಸ್ಥೆ (ಅಮೆರಿಕದ ವಾಹನ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ) ತನ್ನ ಅಪಘಾತ ಪರೀಕ್ಷೆಗೆ ಹಿಂದಿನ ಸೀಟಿನಲ್ಲೂ ಒಂದು ಗೊಂಬೆಯನ್ನು ಕೂರಿಸಲು ಆರಂಭಿಸಿದ ಮೇಲೆ, 2023ರಲ್ಲಿ ಪರೀಕ್ಷಿಸಿದ ನಾಲ್ಕೂ ಮಿನಿವ್ಯಾನುಗಳಲ್ಲಿ ಒಂದಕ್ಕೂ ನಾಲ್ಕು ದರ್ಜೆಗಳ ಪೈಕಿ ಮೊದಲ ಎರಡರಲ್ಲಿ ಯಾವುದೂ ಸಿಗಲಿಲ್ಲ. ಹಿಂದೆ ಕೂರುವವರಿಗಾಗಿಯೇ ಇರುವ ಗಾಡಿಯಲ್ಲಿ ಹೀಗಾದದ್ದು ನನಗೆ ಸಣ್ಣ ವಿಷಯವೆನಿಸುವುದಿಲ್ಲ. ನೀವು ಕೊಳ್ಳುವ ವರ್ಷದ ಮಾದರಿಗೆ ಬಂದಿರುವ ಫಲಿತಾಂಶವನ್ನು ನೋಡಿಕೊಳ್ಳಿ. ಊರಿನಿಂದ ಬಂದ ಹಿರಿಯರಿಗೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕುವ ರೂಢಿ ಇರುವುದಿಲ್ಲ, ಅದನ್ನೂ ಮೊದಲ ದಿನವೇ ಹೇಳಿ.

ಉತ್ತರ 4 (ರಾಚೆಸ್ಟರ್, ಮಿನ್ನೆಸೋಟ)

ಹಿಮ ಮತ್ತು ಇಂಧನದ ಮಟ್ಟಿಗೆ ಮಾತ್ರ ಬರೆಯುತ್ತೇನೆ. ಸಿಯೆನ್ನಾ 2021ರ ಮಾದರಿಯಿಂದ ಹೈಬ್ರಿಡ್ ರೂಪದಲ್ಲಿ ಮಾತ್ರ ಸಿಗುತ್ತದೆ. ಮುಂಚಕ್ರದ ಆವೃತ್ತಿಗೆ ಗ್ಯಾಲನ್ನಿಗೆ 36 ಮೈಲಿ. ಹಿಂಬದಿಯ ಚಕ್ರಗಳಿಗೆ ಪ್ರತ್ಯೇಕ ಮೋಟಾರ್ ಇರುವ ಆವೃತ್ತಿಗೆ 35. ಒಡಿಸ್ಸಿಗೆ 22. ವರ್ಷಕ್ಕೆ 15,000 ಮೈಲಿ ಓಡಿಸಿದರೆ ಸುಮಾರು 265 ಗ್ಯಾಲನ್ ಉಳಿಯುತ್ತದೆ. ಗ್ಯಾಲನ್ನಿಗೆ ಮೂರು ಡಾಲರ್ ಹಿಡಿದರೂ ಎಂಟುನೂರು ಡಾಲರಿನ ಹತ್ತಿರ. ಪ್ರತಿಯಾಗಿ, ಏರಿನಲ್ಲಿ ಜೋರಾಗಿ ಒತ್ತಿದರೆ ಸಿಯೆನ್ನಾದ ಎಂಜಿನ್ ರುಬ್ಬುವ ಕಲ್ಲಿನಂತೆ ಗೊರಗುಟ್ಟುತ್ತದೆ.

ಹಿಮಕ್ಕೆ ನಾಲ್ಕು ಚಕ್ರದ ಶಕ್ತಿಗಿಂತ ಚಳಿಗಾಲದ ಟೈರು ಮುಖ್ಯ. ಶಕ್ತಿ ಗಾಡಿಯನ್ನು ಹೊರಡಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮಿನಿವ್ಯಾನಿನ ನಿಜವಾದ ಚಳಿಗಾಲದ ತೊಂದರೆ ಜಾರುಬಾಗಿಲು. ಮಳೆ ಬಿದ್ದು ಅದೇ ರಾತ್ರಿ ಹೆಪ್ಪುಗಟ್ಟಿದರೆ ರಬ್ಬರು ಬಾಗಿಲಿಗೆ ಅಂಟಿಕೊಳ್ಳುತ್ತದೆ. ಗುಂಡಿ ಒತ್ತಿ ಬಲವಂತ ಮಾಡಿದರೆ ಮೋಟಾರಿಗೆ ಪೆಟ್ಟು. ನವೆಂಬರಿನಲ್ಲೇ ರಬ್ಬರಿಗೆ ಸಿಲಿಕೋನ್ ಸವರಿ, ಹಳಿಯಲ್ಲಿ ಸೇರುವ ರಸ್ತೆಯ ಉಪ್ಪನ್ನು ಆಗಾಗ ತೊಳೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. 18 ಮತ್ತು 16 ಘನ ಅಡಿಯ ಲೆಕ್ಕವನ್ನು ಓದಿದ ಮೇಲೆ ನನ್ನ ಪತಿ ಸ್ವಲ್ಪ ಮೆತ್ತಗಾಗಿದ್ದಾರೆ. ಕೊಲಂಬಸ್‌ನವರ ಮಾತಿನಂತೆ ಮುಂದಿನ ಶನಿವಾರ ಒಂದು ಪೆಸಿಫಿಕಾ ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದೇವೆ. ಎರಡು ಕಾರ್ ಸೀಟು, ನಾಲ್ಕು ಖಾಲಿ ಸೂಟ್‌ಕೇಸುಗಳನ್ನು ತುಂಬಿಸಿ, ತಂದೆಯಷ್ಟೇ ಎತ್ತರವಿರುವ ನನ್ನ ಪತಿಯನ್ನು ಮೂರನೆಯ ಸಾಲಿನಲ್ಲಿ ಕೂರಿಸಿ, ಆ್ಯನ್ ಆರ್ಬರ್‌ವರೆಗೆ ನಾನೇ ಓಡಿಸಿ ನೋಡುತ್ತೇನೆ. ಗ್ಯಾರೇಜನ್ನು ಅಳೆದಾಯಿತು: ಹತ್ತೊಂಬತ್ತೂವರೆ ಅಡಿ.