ಸಹಾಯ ಬೇಕು: ಟ್ರೆಕಿಯಾಸ್ಟಮಿ ಬೆಡ್ ಹತ್ರಾನೇ ಮಾಡ್ಸೋದಾ, ಓಟಿಲಾ (ಆಪರೇಷನ್ ಥಿಯೇಟರ್)?

ಹಾಸನದಿಂದ ಬರೀತಿದೀನಿ. ಅಪ್ಪ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇವತ್ತಿಗೆ 13 ದಿನ. ಬಾಯಿಂದ ಹಾಕಿರೋ ಟ್ಯೂಬ್ ತೆಗೆದು ಟ್ರೆಕಿಯಾಸ್ಟಮಿ, ಅಂದ್ರೆ ಕುತ್ತಿಗೇಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಟ್ಯೂಬ್ ಹಾಕೋದು, ಮಾಡ್ಬೇಕಂತೆ, ಅದಕ್ಕೆ ಒಪ್ಪಿದೀವಿ. ತಲೆ ಕೆಟ್ಟಿರೋದು ವಿಧಾನದ್ದು. ಐಸಿಯು ಡಾಕ್ಟ್ರು ಬೆಡ್ ಹತ್ರಾನೇ ಸೂಜಿ ಹಾಕಿ, ತಂತಿ ಮೇಲೆ ರಂಧ್ರ ಹಿಗ್ಗಿಸ್ತೀವಿ, ಗಾಯದ ಸೋಂಕು ಕಮ್ಮಿ ಅಂತಾರೆ. ಇಎನ್‌ಟಿಯವರು ಓಟಿಗೆ ಒಯ್ದು ಕೊಯ್ದೇ ಮಾಡೋಣ ಅಂತಾರೆ. ಅಪ್ಪಂದು ಗಿಡ್ಡ ಕುತ್ತಿಗೆ, ಸಾಲದ್ದಕ್ಕೆ ಹಳೇ ಥೈರಾಯ್ಡ್ ಗಡ್ಡೆ. ರಕ್ತ ತೆಳು ಮಾಡೋ ಔಷಧಿ ನಿನ್ನೆ ನಿಲ್ಸಿದಾರೆ. ಬೆಂಗಳೂರಲ್ಲಿ ಪರಿಚಯದ ಡಾಕ್ಟ್ರನ್ನ ಕೇಳಿದ್ರೆ, ಪೇಷಂಟ್ ನೋಡದೆ ಹೇಳಲ್ಲ ಅಂದ್ರು. ಅದೂ ಸರೀನೇ ಬಿಡಿ.

ನಾಳೆ ಬೆಳಿಗ್ಗೆ ಸಹಿ ಹಾಕ್ಬೇಕು. ಐಸಿಯು, ಇಎನ್‌ಟಿ ಅನುಭವ ಇರೋರು ಹೇಳಿ: ಗಡ್ಡೆ ಇರೋರಿಗೂ ಅಲ್ಟ್ರಾಸೌಂಡ್ ನೋಡ್ಕೊಂಡು ಸೂಜಿ ವಿಧಾನ ಮಾಡ್ತಾರಾ, ಇಲ್ಲಾ ನೇರವಾಗಿ ಓಟಿನಾ?